ಮುಳ್ಳಿಲ್ಲದ ವಾಚು

ವಾಚು ರಿಪೇರಿಯ ಇಮಾಮಸಾಬನ ಅಂಗಡಿ ಉಳಿಸುವ ಕೇಸು ವಕೀಲ ದೇಸಾಯರ ಕೈಯಲ್ಲಿ ಎಂಟು ವರ್ಷದಿಂದ ಕೊಳೆಯುತ್ತಿತ್ತು. ಕೋರ್ಟಿನಲ್ಲಿ ಎದ್ದು ಹೊಸ ತಾರೀಖು ಕೇಳುವುದೇ ಅವರ ವಾದ.

ಒಂದು ದಿನ ದೇಸಾಯರು ಕೋರ್ಟಿನ ಎದುರಿಗೇ ಇದ್ದ ಆ ಅಂಗಡಿಗೆ ಬಂದು ಕೈ ಚಾಚಿದರು. "ದೊಡ್ಡ ವಕೀಲಗ ಒಪ್ಪುವಂಥ ವಾಚು ಕಟ್ಟೋ. ಜಡ್ಜ್ ಸಾಹೇಬರ ಕಣ್ಣು ಇದರ ಮ್ಯಾಲೇ ಬೀಳಬೇಕು."

ಇಮಾಮಸಾಬ ತಾರೀಖು ತೋರಿಸುವ ವಾಚೊಂದರ ಎರಡೂ ಮುಳ್ಳು ಕಿತ್ತು ಕಟ್ಟಿದ.

"ಮುಳ್ಳೇ ಇಲ್ಲಲ್ಲೋ ಇದಕ್ಕ?"

"ತಾರೀಖು ಐತಲ್ರೀ ವಕೀಲ್ರ. ನಿಮಗ ಬೇಕಾದದ್ದು ಅದೊಂದೇ. ತಾಸು ಎಣಸಾಕ ಕೋರ್ಟಿನ ವರಾಂಡಾದಾಗ ನಾವದೀವಿ."

ಅಂಗಡಿ ಮುಂದೆ ನಿಂತಿದ್ದ ದೇಸಾಯರ ಬೇರೆ ಕಕ್ಷಿದಾರರು ನಕ್ಕರು. ದೇಸಾಯರು ವಾಚು ಬಿಚ್ಚಿ ಎಸೆದು ಹೋದರು.

ಮರುದಿನ ಇಮಾಮಸಾಬನ ಕೇಸು ಕರೆದರು. ತಾರೀಖು ಕೇಳಲು ದೇಸಾಯರು ಎದ್ದರು. ಹಿಂದಿನ ದಿನ ನಕ್ಕಿದ್ದ ಕಕ್ಷಿದಾರರೆಲ್ಲ ಕೂತಲ್ಲಿಂದಲೇ ಒಟ್ಟಿಗೇ ಅವರ ಬರಿ ಮಣಿಕಟ್ಟು ನೋಡಿದರು. ದೇಸಾಯರು ಕೋಟಿನ ತೋಳು ಎಳೆದುಕೊಂಡು, ತಾರೀಖು ಕೇಳದೆ ವಾದ ಶುರುಮಾಡಿದರು.