ತೋಳ ಕಾದದ್ದು ಯಾಕೆ?

ಮುಳ್ಳುಪೊದೆಗಳೇ ತುಂಬಿದ್ದ ಒಂದು ಕಾಡಿನಲ್ಲಿ ತುಂಬೆ ಎಂಬ ತಾಯಿಮೊಲ ತನ್ನ ಮರಿಗಳ ಜೊತೆ ವಾಸವಾಗಿತ್ತು. ಆ ಬೇಸಿಗೆಯಲ್ಲಿ ಹತ್ತಿರದ ಹೊಂಡ ಬತ್ತಿಹೋಯಿತು. ಇನ್ನು ನೀರಿಗೆ ದೂರದ ಹೊಳೆಯೇ ಗತಿ. ಮರಿಗಳು ಅಷ್ಟು ದೂರ ನಡೆಯಲಾರವು.

"ತಾಯಂದಿರು ಹೋಗಿಬರುವ ತನಕ ಮರಿಗಳನ್ನು ಯಾರು ಕಾಯುತ್ತೀರಿ?" ಎಂದು ಕಾಡಿನ ಹಿರಿತಲೆ ಆನೆಯಜ್ಜಿ ಪ್ರಾಣಿಗಳನ್ನೆಲ್ಲ ಸೇರಿಸಿ ಕೇಳಿತು.

ತೋಳ ಮುಂದೆ ಬಂತು. "ನಾನು ಕಾಯುತ್ತೇನೆ ಅಜ್ಜಿ."

ಜಿಂಕೆಯೊಂದು ಬೆಚ್ಚಿ ಹಿಂದೆ ಸರಿಯಿತು. "ನೀನೇ?"

"ನನ್ನ ಹೆಸರು ನೋಡಬೇಡಿ, ಕೆಲಸ ನೋಡಿ. ಈ ತುಂಬೆ ಮೇಯಲು ಹೋದಾಗಲೆಲ್ಲ ಇವಳ ಪೊದೆಯ ಮುಂದೆ ಕಾಯುತ್ತಾ ಕೂತಿದ್ದವನು ನಾನೇ. ಬೇಕಾದರೆ ಮುಸುವಣ್ಣನನ್ನು ಕೇಳಿ."

ತುಂಬೆ ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡಿತು.

ಮರದ ಮೇಲಿದ್ದ ಕರಿಮೋರೆಯ ಕೋತಿ ಮುಸುವ ತಲೆಯಾಡಿಸಿತು. "ನಿಜ. ಉರಿಬಿಸಿಲಲ್ಲೂ ಅಲ್ಲಾಡದೆ ಕಾಯುತ್ತಾ ಕೂತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ."

"ಕೇಳಿದಿರಾ? ಕಾಯುವವನನ್ನೇ ಅಲ್ಲವೇ ಕಾವಲುಗಾರ ಅನ್ನುವುದು?" ಎಂದಿತು ತೋಳ.

ಒಂದೊಂದಾಗಿ ಎಲ್ಲ ಪ್ರಾಣಿಗಳೂ ತಲೆದೂಗಿದವು. ಆನೆಯಜ್ಜಿ ಒಪ್ಪಿಗೆ ಕೊಡಲು ಸೊಂಡಿಲೆತ್ತಿತು. ತುಂಬೆ ಅವಸರದಲ್ಲಿ ಯೋಚಿಸಿತು. ತೋಳ ಕಾದದ್ದು ಸುಳ್ಳಲ್ಲ. ಆದರೂ ಇದರಲ್ಲಿ ಮೋಸವಿದೆ. ಎಲ್ಲಿದೆ? ಮರಿಗಳು ತಾಯಿಯ ಹೊಟ್ಟೆಗೆ ಒತ್ತಿಕೊಂಡಿದ್ದವು.

"ಸ್ವಲ್ಪ ತಾಳಿ ಅಜ್ಜಿ," ಎಂದಿತು ತುಂಬೆ. "ತೋಳಣ್ಣ, ಕಾಯುವಾಗ ಯಾವ ಕಡೆ ಮುಖ ಮಾಡಿ ಕೂತಿದ್ದೆ?"

"ಪೊದೆಯ ಕಡೆಗೇ! ಮರಿಗಳ ಮೇಲಿಟ್ಟ ಕಣ್ಣು ಕದಲಿಸಲಿಲ್ಲ," ತೋಳ ಜಂಬದಿಂದ ಹೇಳಿತು.

"ಬೆನ್ನ ಹಿಂದಿನಿಂದ ಚಿರತೆ ಬಂದಿದ್ದರೆ?"

ತೋಳ ಹಿಂದೆ ತಿರುಗಿ ನೋಡಿತು. ತುಂಬೆ ಮರದತ್ತ ತಿರುಗಿತು. "ಮುಸುವಣ್ಣ, ಮರಿ ಹೊರಗೆ ಇಣುಕಿದರೆ ಇವನು ಏನು ಮಾಡುತ್ತಿದ್ದ?"

"ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಮೆಲ್ಲಗೆ ಮುಂದೆ ತೆವಳಿ..." ಎನ್ನುತ್ತಲೇ ಮುಸುವ ಮಾತು ನುಂಗಿತು. ಅದಕ್ಕೆ ಈಗ ಅರ್ಥವಾಗಿತ್ತು.

"ಅಜ್ಜಿ, ಕಾಪಾಡಲು ಕಾಯುವುದು ಬೇರೆ, ಹಿಡಿಯಲು ಕಾಯುವುದು ಬೇರೆ," ಎಂದಿತು ತುಂಬೆ. "ಮುಳ್ಳಿಗೆ ಹೆದರಿ ಇವನು ಹೊರಗೆ ಕೂತಿದ್ದ. ಇವನು ಕಾದದ್ದು ಮರಿಗಳನ್ನಲ್ಲ, ಮರಿಗಳಿಗಾಗಿ!"

ಆನೆಯಜ್ಜಿಯ ಕಿವಿಗಳು ನೆಟ್ಟಗಾದವು. ತೋಳ ಮೆಲ್ಲಗೆ ಜಾರಿಕೊಳ್ಳಲು ನೋಡಿತು. ಅಜ್ಜಿ ಸೊಂಡಿಲು ಬೀಸಿದ ರಭಸಕ್ಕೆ ಅದು ಮುಳ್ಳಿನ ಮೇಲೆ ಹೋಗಿ ಬಿತ್ತು. ಕಾಡುಹಂದಿಗಳು ಅದನ್ನು ಕಾಡಿನಾಚೆಯವರೆಗೂ ಅಟ್ಟಿಸಿಕೊಂಡು ಹೋದವು. ಅದು ಮತ್ತೆ ಅತ್ತ ಸುಳಿಯಲಿಲ್ಲ.

ಮರಿಗಳ ಬಳಿ ಆನೆಯಜ್ಜಿ ತಾನೇ ನಿಂತಿತು. ತುಂಬೆ ಉಳಿದ ತಾಯಂದಿರ ಜೊತೆ ಹೊಳೆಗೆ ಹೋಯಿತು. ಹೊಟ್ಟೆ ತುಂಬ ನೀರು ಕುಡಿದು ಮರಿಗಳ ಬಳಿಗೆ ಮರಳಿತು.

ನೀತಿ: ಒಂದೇ ಪದಕ್ಕೆ ಎರಡು ಅರ್ಥವಿರಬಹುದು; ಯಾವ ಅರ್ಥದಲ್ಲಿ ಹೇಳಿದರು ಎಂದು ಕೇಳಿ ತಿಳಿಯದೆ ಯಾರ ವಾದವನ್ನೂ ಒಪ್ಪಬಾರದು.