ಬೇಸಿನ್ ಕಾದ ಬೋರ

ಕೇಳ್ರಪ್ಪಾ, ನಗೋರು ಮುಂದೆ ಕೂರಿ, ಮೂಗು ಮುಚ್ಕೊಳ್ಳೋರು ಹಿಂದೆ ಕೂರಿ. ಬಸ್ ಸ್ಟ್ಯಾಂಡಿನ ಶೌಚಾಲಯ ನೋಡಿಕೊಳ್ಳೋಳು ಸಾಕವ್ವ. ಅವಳಿಗೊಬ್ಬ ಮಗ, ಮುದ್ದಬೋರ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ಬಸ್ಸು ಹತ್ತಿರಲಿಲ್ಲ.

ಗಂಡಸರ ಕಡೆ ಉಚ್ಚೆ ಹುಯ್ಯೋಕೆ ಮೂರು ಬೇಸಿನ್ನು. ಬಸ್ಸು ಬಂತೋ, ಜನ ನುಗ್ಗೋರು. ಹುಯ್ಯೋದು ಹುಯ್ದು, ಬೀಡಿ ತುಂಡು, ಗುಟ್ಕಾ ಚೀಟಿ ಎಲ್ಲ ಅದರೊಳಕ್ಕೇ ಎಸೆಯೋರು. ಬೇಸಿನ್ನು ಕಟ್ಟಿಕೊಳ್ಳೋದು. ಪುರಸಭೆ ಸಾಹೇಬರು ಬಂದು ಗದರಿದರು: "ಸೋಮವಾರ ಮತ್ತೆ ಬರ್ತೀನಿ. ಒಂದು ಕಟ್ಟಿದ್ರೂ ನಿನ್ನ ಕೆಲಸ ಬೇರೆಯವರಿಗೆ!"

ಸಾಕವ್ವ ಹಣೆ ಚಚ್ಚಿಕೊಂಡಳು. "ಲೋ ಬೋರ, ಬೇಸಿನ್ನಿಗೆ ಒಂದು ಚೂರೂ ಕಸ ಬೀಳಬಾರದು. ತಿಳೀತಾ?"

"ತಿಳೀತು ಕಣವ್ವ!"

ಏನು ಮಾಡಿದ? ಮೂರಕ್ಕೂ ಪ್ಲಾಸ್ಟಿಕ್ ಚೀಲ ಹೊದಿಸಿ ಹಗ್ಗ ಬಿಗಿದ. ಕಸ ಒಳಗೆ ಬೀಳಲಿಲ್ಲ. ಹುಯ್ದದ್ದೂ ಬೀಳಲಿಲ್ಲ, ಹುಯ್ದವರ ಕಾಲಿಗೇ ವಾಪಸ್ಸು!

"ಅಯ್ಯೋ ದಡ್ಡ ಮುಂಡೇದೇ! ಮುಚ್ಚೋದಲ್ಲ ಕಣೋ! ಜಾಲರಿ ಇಡಬೇಕು. ದಪ್ಪಗಿರೋದು ಮೇಲೆ ನಿಲ್ಲಬೇಕು, ನೀರು ಕೆಳಗಿಳಿಬೇಕು!"

"ಮೊದಲೇ ಹೇಳಬಾರದಾ ಅವ್ವ!"

ಜಾಲರಿ ತಂದದ್ದೂ ಆಯ್ತು. ಅಷ್ಟರಲ್ಲಿ ಊಟದ ಹೊತ್ತು. "ಹೋಗು, ಹೋಟೆಲಿಂದ ಸಾಂಬಾರು ತಾ" ಅಂದಳು. ಬೋರ ಜಾಲರಿ ಹಿಡಿದೇ ಹೋದ. ಪುಣ್ಯಕ್ಕೆ ಹೊಸದು! "ಇದಕ್ಕೇ ಹುಯ್ಯಿ ಮಾವ" ಅಂದ. ಹೋಟೆಲಿನವನಿಗೆ ಬೇಡ ಅನ್ನೋಕೆ ಪುರಸೊತ್ತೆಲ್ಲಿ, ಹುಯ್ದ. ದಪ್ಪಗಿರೋದು ಮೇಲೆ ನಿಂತಿತು, ನೀರು ಕೆಳಗಿಳಿಯಿತು. ಮನೆಗೆ ಬಂದದ್ದು ಎರಡು ನುಗ್ಗೆಕಾಯಿ!

"ಸಾಂಬಾರೆಲ್ಲೋ?"

"ನೀನು ಹೇಳಿದಂಗೇ ಇಳೀತು ಕಣವ್ವ, ರೋಡಿಗೆ."

"ಅಯ್ಯೋ ನನ್ನ ಕರ್ಮವೇ! ತೂತಿದ್ರೆ ಬಿಗಿಯಾಗಿ ಮುಚ್ಚಬೇಕು ಕಣೋ! ಒಂದು ತೊಟ್ಟೂ ಕೆಳಗೆ ಹೋಗಬಾರದು!"

"ಮೊದಲೇ ಹೇಳಬಾರದಾ ಅವ್ವ!"

ಬೋರ ನೆಟ್ಟಗೆ ಬೇಸಿನ್ ಹತ್ತಿರ ಹೋದ. ನೋಡಿದ, ಮೂರಕ್ಕೂ ತಳದಲ್ಲಿ ತೂತು! ಹಳೇ ಬನಿಯನ್ನು ಹರಿದು ಗಡದ್ದಾಗಿ ತುರುಕಿದ. ಒಂದು ತೊಟ್ಟೂ ಕೆಳಗೆ ಹೋಗಲಿಲ್ಲ. ಆಮೇಲೆ ಮೂರು ಬಸ್ಸು ಒಟ್ಟಿಗೆ ಬಂದವು. ಬೇಸಿನ್ನು ತುಂಬಿತು, ನೆಲ ತುಂಬಿತು, ಟಿಕೆಟ್ ಕೌಂಟರಿನವನು ಕಾಲೆತ್ತಿ ಮೇಜಿನ ಮೇಲೆ ಕೂತ!

ಸಾಕವ್ವ ಪೊರಕೆ ಎತ್ತಿದಳು. ಬೋರ ತಲೆ ಕೆರೆದುಕೊಂಡ. "ಹೊಡಿಬೇಡ ಕಣವ್ವ. ನನ್ನ ತಲೆಗೂ ದೇವರು ಜಾಲರಿ ಇಟ್ಟವ್ನೆ. ನೀನು ಹೇಳಿದ ಬುದ್ಧಿ ಸೋರಿ ಹೋಗುತ್ತೆ, ಕಸ ಮಾತ್ರ ನಿಲ್ಲುತ್ತೆ."

ಅವ್ವನಿಗೆ ನಗು ಬಂತು. ನಗು ನುಂಗಿ ಗದರಿದಳು. "ಸರಿಯಾಗಿ ಕೇಳ್ಕೋ! ಕಟ್ಟಿಕೊಂಡ್ರೆ ಬಿಸಿನೀರು ಹುಯ್ದು ಕೋಲಲ್ಲಿ ತಿವೀಬೇಕು. ಯಾರಾದ್ರೂ ಹುಯ್ದ ಕಡೆ ಎರಡು ನುಸಿಗುಳಿಗೆ ಹಾಕಬೇಕು, ವಾಸನೆ ಬರಬಾರದು. ನಾಳೆ ಸೋಮವಾರ. ಸಾಹೇಬರು ನೋಡಿ ಹೋಗೋವರೆಗೂ ಒಂದು ನರಪಿಳ್ಳೆನೂ ಬೇಸಿನ್ ಮುಂದೆ ನಿಲ್ಲಬಾರದು!"

ಸೋಮವಾರ. ಬೇಸಿನ್ನು ಥಳಥಳ. ಸಾಕವ್ವ ಸಾಹೇಬರಿಗೆ ಅಂತ ಎಳನೀರು ತರೋಕೆ ಹೋದಳು. ಬೋರ ಬಾಗಿಲಿಗೆ ಅಡ್ಡ ನಿಂತ. ಅಷ್ಟರಲ್ಲಿ ಬಸ್ಸಿಳಿದು ಓಡಿ ಬಂದರು ಸಾಹೇಬರು, ಮುಖ ಕೆಂಪಗೆ, ಕಾಲು ಹೆಣೆದುಕೊಂಡು.

"ದಾರಿ ಬಿಡೋ!"

"ಸಾಹೇಬರು ನೋಡಿ ಹೋಗೋವರೆಗೂ ಬಿಡಲ್ಲ."

"ನಾನೇ ಕಣೋ ಸಾಹೇಬ!"

"ಹಂಗಾರೆ ಇಲ್ಲಿಂದ್ಲೇ ನೋಡಿ ಸ್ವಾಮಿ."

"ನೋಡಿದೆ! ಈಗ ಬಿಡು!"

"ನೋಡಿದ್ರಿ ಸರಿ. ಇನ್ನೂ ಹೋಗಿಲ್ವಲ್ಲ!"

ಸಾಹೇಬರಿಗೆ ತಡೆಯಲಾಗಲಿಲ್ಲ. ಹಿಂದಿನ ಗೋಡೆಗೆ ಓಡಿದರು. ಗೋಡೆ ಮೇಲೆ ಆಳೆತ್ತರದ ಅಕ್ಷರ: 'ಇಲ್ಲಿ ಮೂತ್ರ ಮಾಡಬಾರದು'. ಬರೆಸಿದ್ದು ಅವರೇ! ಬೋರ ಬಿಟ್ಟಾನೆಯೇ? ಹಿಂದೆಯೇ ಹೋಗಿ ಅವರ ಬೂಟಿನ ಪಕ್ಕ ಎರಡು ನುಸಿಗುಳಿಗೆ ಇಟ್ಟ. "ವಾಸನೆ ಬರಬಾರದು ಸ್ವಾಮಿ!"

ಇಡೀ ಬಸ್ ಸ್ಟ್ಯಾಂಡು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೋ ಅಂತು. ಸಾಹೇಬರು ತಿರುಗಿದರೆ ಎದುರಿಗೆ ಸಾಕವ್ವ, ಕೈಲಿ ಎಳನೀರು.

"ಕುಡೀರಿ ಸ್ವಾಮಿ..."

"ಬೇಡಮ್ಮಾ, ಬೇಡ! ಬೇಸಿನ್ ಚೆನ್ನಾಗಿದೆ, ಕೆಲಸ ನಿಂದೇ. ಇಲ್ಲಿ ನಡೆದದ್ದನ್ನ ಮಾತ್ರ ಯಾರಿಗೂ ಹೇಳಬೇಡ!" ಅಂದವರೇ ಹೊರಟಿದ್ದ ಬಸ್ಸಿಗೆ ಹಾರಿದರು.

ಕೆಲಸವೇನೋ ಉಳಿಯಿತು, ಮಾನ ಉಳಿಯಲಿಲ್ಲ. ಸಾಕವ್ವ ಕೂಗಿದಳು: "ನಾಳೆಯಿಂದ ಈ ಬಾಗಿಲೊಳಗೆ ಕಾಲಿಟ್ಟೀಯ, ಜೋಕೆ!"

ಬೋರ ಅವ್ವನ ಮಾತು ಮೀರೋನಲ್ಲ. ಮಾರನೇ ಬೆಳಗ್ಗೆ ಬಾಗಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಗೋಡೆಯ ಬೆಳಕಿಂಡಿಗೆ ತಲೆ ತೂರಿಸಿದ. ತಲೆ ಹೋಯಿತು, ಭುಜ ಹೋಯಿತು. ಹೊಟ್ಟೆ ಹೋಗಲಿಲ್ಲ.

"ಅವ್ವಾ! ಬೇಸಿನ್ನು ಯಾವುದೂ ಕಟ್ಟಿಲ್ಲ ಕಣವ್ವಾ! ಈ ಸಲ ಕಟ್ಟಿಕೊಂಡಿರೋದು ನಾನೇ! ಬಿಸಿನೀರು ಹುಯ್ದು ಕೋಲಲ್ಲಿ ತಿವಿ!"

ಸಾಕವ್ವ ಒಲೆ ಮೇಲೆ ನೀರಿಟ್ಟು ಕೋಲು ಕೈಗೆತ್ತಿಕೊಂಡಳು. ಮಗ ಹೇಳಿದ್ದನ್ನ ಅವ್ವ ಚಾಚೂ ತಪ್ಪದೆ ಮಾಡಿದ್ದು ಅದೇ ಮೊದಲು.