ಸಾವಿರ ಮಾರು

ರಸ್ತೆಬದಿಯಲ್ಲಿ ನೀರು ಕುಡಿಯಲು ನಿಂತ ಸೈಕಲ್ ಸವಾರನೊಬ್ಬ, "ಈ ವರ್ಷ ಐದು ಸಾವಿರ ಕಿಲೋಮೀಟರ್ ತುಳಿದೇ ತೀರುತ್ತೇನೆ" ಎಂದು ಗೆಳೆಯನಿಗೆ ಹೇಳಿದ. ಪಕ್ಕದಲ್ಲೇ ಸಗಣಿಯುಂಡೆ ಉರುಳಿಸುತ್ತಿದ್ದ ಹುಳಪ್ಪನಿಗೆ ಈ ಮಾತು ಬಹಳ ಹಿಡಿಸಿತು. ತಾನೂ ವರ್ಷದೊಳಗೆ ಸಾವಿರ ಮಾರು ಉಂಡೆ ಉರುಳಿಸುವುದೆಂದು ಅವನು ಅಲ್ಲೇ ಪಣ ತೊಟ್ಟ.

ಡಿಸೆಂಬರ್ ಮೂವತ್ತೊಂದರ ಸಂಜೆ ಅವನು ಉಂಡೆಯೊಂದಿಗೆ ಬಿಲದ ಬಾಗಿಲಿಗೆ ಬಂದಾಗ ಒಂಬೈನೂರ ತೊಂಬತ್ತೇಳು ಮಾರಾಗಿತ್ತು. ಕೂಡಲೇ ಉಂಡೆಯನ್ನು ಹೊರಳಿಸಿ, ಎದುರಿಗಿದ್ದ ತುಂಬೆಗಿಡವನ್ನು ಸುತ್ತಲು ಹೊರಟ.

"ಎಲ್ಲಿಗ್ರೀ? ಮನೆ ಇಲ್ಲಿದೆ," ಎಂದಳು ಹೆಂಡತಿ ಹುಳವ್ವ. "ಆ ಉಂಡೆಯೊಳಗೆ ನಾನು ಮೊಟ್ಟೆಯಿಡಬೇಕು. ಕತ್ತಲಾಗುವುದರೊಳಗೆ ತನ್ನಿ."

"ಇನ್ನು ಮೂರೇ ಮಾರು ಕಣೇ!"

ಗಿಡದ ಬುಡದಲ್ಲಿದ್ದ ಇರುವೆ, "ಎಲ್ಲಿಗೆ ಪ್ರಯಾಣ, ಭಾವ?" ಎಂದು ಕೇಳಿತು.

"ಎಲ್ಲಿಗೂ ಇಲ್ಲ. ದಾರಿ ಬಿಡು, ಹೊತ್ತಾಯಿತು," ಎಂದ ಹುಳಪ್ಪ.

ಸುತ್ತು ಹಾಕಿ ಹಾಕಿ ಸಾವಿರ ಮುಗಿದಾಗ ಬಾಗಿಲು ಇನ್ನೂ ಒಂದು ಗೇಣು ದೂರವಿತ್ತು. ಹುಳಪ್ಪ ಅಲ್ಲೇ ನಿಂತುಬಿಟ್ಟ.

"ಇಷ್ಟು ತಳ್ಳಿದವರು ಇನ್ನೊಂದು ಗೇಣು ತಳ್ಳಬಾರದೇ?" ಎಂದಳು ಹುಳವ್ವ.

"ಸಾವಿರ ಮಾರು, ಒಂದು ಗೇಣು ಎಂದರೆ ಕೇಳುವುದಕ್ಕೆ ಚೆನ್ನಾಗಿರುವುದಿಲ್ಲ."

ಹುಳವ್ವ ಹಿಂಗಾಲು ಕೊಟ್ಟು, ಉಂಡೆಯನ್ನು ತಾನೇ ಒಳಗೆ ತಳ್ಳಿಕೊಂಡು ಹೋಗಿ, ಕತ್ತಲಾಗುವ ಮೊದಲೇ ಮೊಟ್ಟೆಯಿಟ್ಟಳು. ಹುಳಪ್ಪ ಬರಿಗಾಲಲ್ಲಿ ಅವಳ ಹಿಂದೆ ನಡೆದ. ಉಂಡೆಯಿಲ್ಲದೆ ನಡೆದದ್ದು ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅವನ ಸಂತೋಷಕ್ಕೆ ಕುಂದೇನೂ ಬರಲಿಲ್ಲ.